ಮೊಮ್ಮಗನಿಗೊಂದು ಹೆಲಿಕಾಪ್ಟರ್

ಮಕ್ಕಳಿಗೆ ಏನನ್ನು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಗೃಹಸ್ಥರಿಗೆ ಎಂದೂ ಸುಲಭದ ಪ್ರಶ್ನೆಯಾಗಿಲ್ಲ. ಬೇಡಿದುದೆಲ್ಲವನ್ನೂ ಕೊಟ್ಟರೆ ಮಗುವಿಗೆ ವಸ್ತುವಿನ ಬೆಲೆ ತಿಳಿಯದು. ಏನನ್ನೂ ಕೊಡದೆ ಹೋದರೆ ಹಿರಿಯರ ಪ್ರೀತಿ ತಿಳಿಯದು. ನಮ್ಮ ಕಾಲದಲ್ಲಿ ಹಿರಿಯರಿಗೆ ಒಂದು ಅನುಕೂಲವಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಬುಗುರಿ, ಗಾಳಿಪಟ, ಚಿಣ್ಣಿದಾಂಡು ಇವೆಲ್ಲವನ್ನೂ ಅವರು ಸ್ವತಃ ಆಡಿ ಬೆಳೆದಿದ್ದರು. ಆದುದರಿಂದ ಯಾವ ವಯಸ್ಸಿನ ಕೈಗೆ ಯಾವುದು ಒಪ್ಪುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಂದಿನ ಅಜ್ಜ ಅಜ್ಜಿಯರ ಸ್ಥಿತಿ ಹಾಗಿಲ್ಲ. ಮೊಮ್ಮಕ್ಕಳು ಕೇಳುವ ವಸ್ತುಗಳ ಹೆಸರೇ ನಮಗೆ ಹೊಸದು. ತಿಳಿಯದ ವಸ್ತುವಿನ ವಿಷಯದಲ್ಲಿ ‘ಬೇಡ’ ಎನ್ನುವುದೂ ಸುಲಭ, ‘ಆಗಲಿ’ ಎಂದು ಹಣ ಕೊಟ್ಟು ಕೈ ತೊಳೆದುಕೊಳ್ಳುವುದೂ ಸುಲಭ. ಅದನ್ನು ತಿಳಿದುಕೊಂಡು ಕೊಡುವುದು ಮಾತ್ರ ಶ್ರಮದ ಕೆಲಸ. ಈಚೆಗೆ ಅಂಥ ಶ್ರಮವೊಂದು ನನ್ನ ಪಾಲಿಗೆ ಬಂದಿತು. ಅದರ ವಿವರ ಇತರ ಮನೆಗಳಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳ ಮನೆ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಗೆ. ಅಳಿಯಂದಿರು ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕಾಯಕ. ಅವರ ಮಗ ಎಂಟನೆಯ ತರಗತಿಯಲ್ಲಿ ಓದುತ್ತಾನೆ, ಮಗಳು ಮೂರನೆಯ ತರಗತಿಯಲ್ಲಿದ್ದಾಳೆ. ಬಸವ ಜಯಂತಿಗೆಂದು ನಾನು ಹೋದಾಗ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಹುಡುಗ ಮೂರು ವರ್ಷಗಳಿಂದ ಹಬ್ಬಹರಿದಿನಗಳಲ್ಲಿ ಹಿರಿಯರು ಕೊಟ್ಟ ಕಾಣಿಕೆಯನ್ನು ಡಬ್ಬಿಯಲ್ಲಿ ಕೂಡಿಡುತ್ತಾ ಬಂದಿದ್ದ. ಅದಕ್ಕೆ ತಂದೆ ಇನ್ನಷ್ಟು ಹಣ ಸೇರಿಸಿ ರಿಮೋಟಿನಿಂದ ಹಾರುವ ದೊಡ್ಡದೊಂದು ಹೆಲಿಕಾಪ್ಟರ್ ಕೊಡಿಸಬೇಕೆಂಬುದು ಅವನ ಹಟ. ಅದು ಆಕಾಶದಲ್ಲಿ ತಲೆಕೆಳಗಾಗಿ ತಿರುಗುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. “ಐದು ನಿಮಿಷ ಹಾರಿ ಬಿದ್ದು ಮುರಿಯೂದಕ್ಕ ಇಷ್ಟು ರೊಕ್ಕ ಯಾಕ?” ಎಂಬುದು ತಂದೆಯ ಪ್ರಶ್ನೆ. ಇಬ್ಬರ ನಡುವೆ ಹತ್ತು ದಿನಗಳಿಂದ ಮಾತಿರಲಿಲ್ಲ.

ಮಗಳು ನನ್ನನ್ನು ಅಡುಗೆಮನೆಗೆ ಕರೆದು ಇನ್ನೊಂದು ಸಂಗತಿ ಹೇಳಿದಳು. ಹುಡುಗ ಮೊದಲು ಶಾಲೆ ಬಿಟ್ಟೊಡನೆ ಅಂಗಡಿಗೆ ಓಡುತ್ತಿದ್ದನಂತೆ. ಈಗ ಒಂದು ವರ್ಷದಿಂದ ಆ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. ವಾರ್ನಿಷಿನ ಕಲೆಯಿರುವ ಅಂಗಿಯಲ್ಲಿ ತಂದೆ ಶಾಲೆಗೆ ಬಂದರೆ ಮುಖ ತಿರುಗಿಸುತ್ತಾನೆ. “ಅಪ್ಪಾಜಿ, ಹೆಲಿಕಾಪ್ಟರಿನ ಜಗಳ ಹೆಂಗರ ಬಗೀಹರೀತದ. ಇದು ನನಗ ಸಂಕಟ ಆಗೇದ” ಎಂದಳು. ಕಾಯಕದ ಮಹಿಮೆಯನ್ನು ಸಭೆಗಳಲ್ಲಿ ನಲವತ್ತು ವರ್ಷ ಹೇಳಿಕೊಂಡು ಬಂದ ನನಗೆ ಆ ಮಾತು ತಟ್ಟಿತು. ಕಾಯಕವನ್ನು ಕುರಿತು ಹದಿಮೂರು ವರ್ಷದ ಹುಡುಗನಿಗೆ ಉಪನ್ಯಾಸ ಮಾಡಿ ಪ್ರಯೋಜನವಿಲ್ಲ ಎಂಬುದೂ ತಿಳಿದಿತ್ತು. ಹೆಲಿಕಾಪ್ಟರಿನ ವಿಚಾರ ನನಗೆ ಬಿಡಿ, ಹದಿನೈದು ದಿನ ಸಮಯ ಕೊಡಿ ಎಂದಷ್ಟೇ ತಂದೆಮಕ್ಕಳಿಬ್ಬರಿಗೂ ಹೇಳಿದೆ.

ನಮ್ಮ ಊರಿನ ಪ್ರಸಾದ ನಿಲಯದಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುವ ವಿದ್ಯಾರ್ಥಿಯೊಬ್ಬನಿದ್ದಾನೆ. ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವುದು ಅವನ ಹವ್ಯಾಸ. ನಾನು ಅವನ ಬಳಿ ಕುಳಿತು ಶಿಷ್ಯನಂತೆ ಕೇಳಿದೆ. ಅವನು ಹೇಳಿದ ಮೊದಲ ಮಾತೇ ನನಗೆ ಹೊಸದಾಗಿತ್ತು. ಮಾದರಿ ವಿಮಾನಕ್ಕೆ ಹಾರುವ ಸ್ವಭಾವವಿದೆ; ಕೈಬಿಟ್ಟರೂ ಅದು ಸ್ವಲ್ಪ ದೂರ ತೇಲುತ್ತ ಹೋಗುತ್ತದೆ. ಹೆಲಿಕಾಪ್ಟರಿಗೆ ಅಂಥ ಸ್ವಭಾವವಿಲ್ಲ. ಅದನ್ನು ಕ್ಷಣಕ್ಷಣವೂ ತಿದ್ದುತ್ತಿರಬೇಕು. ಮುಂದಕ್ಕೆ ಹೋಗುವುದಕ್ಕಿಂತ ಗಾಳಿಯಲ್ಲಿ ಒಂದೇ ಕಡೆ ಸುಮ್ಮನೆ ನಿಲ್ಲುವುದೇ ಅದಕ್ಕೆ ಕಷ್ಟದ ಕೆಲಸ.

ಇದರ ಕಾರಣವನ್ನು ಅವನು ಬಿಡಿಸಿ ಹೇಳಿದ. ಮೇಲಿನ ದೊಡ್ಡ ರೆಕ್ಕೆ ಒಂದು ದಿಕ್ಕಿಗೆ ತಿರುಗಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಕೆಳಗಿನ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದಕ್ಕೆಂದೇ ಬಾಲದಲ್ಲಿ ಪುಟ್ಟ ರೆಕ್ಕೆಯೊಂದು ಅಡ್ಡಲಾಗಿ ತಿರುಗುತ್ತಿರುತ್ತದೆ. ಮೇಲಿನ ರೆಕ್ಕೆಯ ವೇಗ ಕೊಂಚ ಬದಲಾದರೂ ಬಾಲದ ಲೆಕ್ಕ ತಪ್ಪುತ್ತದೆ. ಅದನ್ನು ಸರಿಪಡಿಸುವಷ್ಟರಲ್ಲಿ ಒಡಲು ಪಕ್ಕಕ್ಕೆ ಜಾರಿರುತ್ತದೆ. ಒಂದೇ ಮುಖ್ಯ ರೆಕ್ಕೆ ಮತ್ತು ಬಾಲದ ರೆಕ್ಕೆಯ ಈ ವಿನ್ಯಾಸವನ್ನು ಯಶಸ್ವಿಯಾಗಿ ನೆಲೆಗೊಳಿಸಿದವರು ಅಮೆರಿಕದಲ್ಲಿ ನೆಲೆಸಿದ್ದ ಇಗೋರ್ ಸಿಕೋರ್ಸ್ಕಿ. ಅವರ ವಿ.ಎಸ್.-300 ಎಂಬ ಯಂತ್ರ 1939ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ನೆಲ ಬಿಟ್ಟು ಎದ್ದಿತು. ಆಗ ಅದನ್ನು ಹಗ್ಗಗಳಿಂದ ನೆಲಕ್ಕೆ ಬಿಗಿದಿದ್ದರು. ನಡೆಸುತ್ತಿದ್ದವರು ಸ್ವತಃ ಸಿಕೋರ್ಸ್ಕಿ. ಕಟ್ಟು ಬಿಚ್ಚಿ ಹಾರಿದುದು ಮರುವರ್ಷ ಮೇ ತಿಂಗಳಿನಲ್ಲಿ. ಯಂತ್ರವನ್ನು ಕಂಡುಹಿಡಿದವರೇ ಎಂಟು ತಿಂಗಳು ಹಗ್ಗದ ಅಂಕೆಯಲ್ಲಿ ಕಲಿತರೆಂದ ಮೇಲೆ ಎಂಟನೆಯ ತರಗತಿಯ ಹುಡುಗನಿಗೆ ಅವಸರವೇಕೆ ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮಾದರಿ ಹೆಲಿಕಾಪ್ಟರುಗಳು ಬಂದುದು ಇನ್ನೂ ತಡವಾಗಿ. ಜರ್ಮನಿಯ ಡೀಟರ್ ಶ್ಲ್ಯೂಟರ್ ಎಂಬವರು 1960ರ ದಶಕದ ಕೊನೆಯ ವರ್ಷಗಳಲ್ಲಿ ಪ್ರಯೋಗಗಳನ್ನು ನಡೆಸಿ, 1970ರ ಹೊತ್ತಿಗೆ ರೇಡಿಯೋ ಅಂಕೆಯಲ್ಲಿ ಅದನ್ನು ಸರಿಯಾಗಿ ಹಾರಿಸಿ ತೋರಿಸಿದರು.

ಅಂಗಡಿಗಳಲ್ಲಿ ನೂರು ಹೆಸರಿನ ಹೆಲಿಕಾಪ್ಟರುಗಳು ದೊರೆತರೂ ಹೊಸಬನ ದೃಷ್ಟಿಯಿಂದ ಅವು ಮೂರೇ ವರ್ಗ.

ಮೊದಲನೆಯದು ಒಂದರ ಮೇಲೊಂದು ಎರಡು ರೆಕ್ಕೆಗಳಿರುವುದು. ಇದನ್ನು ಕೋಆಕ್ಸಿಯಲ್ ಎನ್ನುತ್ತಾರೆ. ಎರಡೂ ರೆಕ್ಕೆಗಳು ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಒಂದರ ಸೆಳೆತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕಡ್ಡಿಗಳಿಂದ ಬೆರಳು ತೆಗೆದರೂ ಇದು ಬಹುಮಟ್ಟಿಗೆ ತನ್ನಷ್ಟಕ್ಕೆ ನಿಲ್ಲುತ್ತದೆ. ಸೈಮಾ ಕಂಪನಿಯ ಎಸ್-107 ಎಂಬುದು ಈ ಜಾತಿಯಲ್ಲಿ ಲೋಕಪ್ರಸಿದ್ಧ. ಒಂದು ಗೇಣಿನಷ್ಟು ಉದ್ದದ ಅದಕ್ಕೆ ಮೂರು ಚಾನಲುಗಳು: ಏರಿಳಿಯುವುದು, ಎಡಬಲಕ್ಕೆ ಮುಖ ತಿರುಗಿಸುವುದು, ಮುಂದೆ ಹಿಂದೆ ಚಲಿಸುವುದು. ಮುಖ ತಿರುಗಿಸದೆ ಪಕ್ಕಕ್ಕೆ ಸರಿಯಲು ಅದಕ್ಕೆ ಬರುವುದಿಲ್ಲ. ಅದರ ರಿಮೋಟು ಟಿ.ವಿ. ರಿಮೋಟಿನಂತೆ ಕಣ್ಣಿಗೆ ಕಾಣದ ಕೆಂಪು ಬೆಳಕಿನಿಂದ ಕೆಲಸ ಮಾಡುವುದರಿಂದ ಬಿಸಿಲಿನಲ್ಲಿ ಅಂಕೆಗೆ ಸಿಗದು. ಗಾಳಿ ಬೀಸಿದರೂ ತೇಲಿಹೋಗುತ್ತದೆ. ಇದೇನಿದ್ದರೂ ಮನೆಯೊಳಗಿನ ಆಟ.

ಎರಡನೆಯದು ನಿಜವಾದ ಹೆಲಿಕಾಪ್ಟರಿನಂತೆ ಒಂದೇ ಮುಖ್ಯ ರೆಕ್ಕೆ, ಬಾಲಕ್ಕೊಂದು ಪುಟ್ಟ ರೆಕ್ಕೆ ಇರುವುದು. ಆದರೆ ಮುಖ್ಯ ರೆಕ್ಕೆಯ ಓರೆ ಸ್ಥಿರವಾಗಿರುತ್ತದೆ; ಮೋಟಾರಿನ ವೇಗ ಹೆಚ್ಚಿಸಿದರೆ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಇದನ್ನು ಫಿಕ್ಸೆಡ್ ಪಿಚ್ ಎನ್ನುತ್ತಾರೆ. ನಾಲ್ಕು ಚಾನಲುಗಳಿರುವುದರಿಂದ ಪಕ್ಕಕ್ಕೂ ಸರಿಯುತ್ತದೆ. ಬಾಲ ಅಡ್ಡಾದಿಡ್ಡಿ ತಿರುಗದಂತೆ ಕಾಯಲು ಗೈರೋ ಎಂಬ ಚಿಕ್ಕ ಉಪಕರಣ ಒಳಗಿರುತ್ತದೆ. ಡಬ್ಲ್ಯು.ಎಲ್. ಟಾಯ್ಸ್ ಕಂಪನಿಯ ವಿ-911 ಈ ವರ್ಗಕ್ಕೆ ಸೇರಿದ್ದು. ಇವು 2.4 ಗಿಗಾಹರ್ಟ್ಸ್ ರೇಡಿಯೋದಿಂದ ನಡೆಯುವುದರಿಂದ ಬಿಸಿಲಿನ ತೊಂದರೆಯಿಲ್ಲ. ಹತ್ತು ಜನ ಒಟ್ಟಿಗೆ ಹಾರಿಸಿದರೂ ಒಂದರ ಆಜ್ಞೆ ಇನ್ನೊಂದಕ್ಕೆ ಹೋಗುವುದಿಲ್ಲ. ಈಚಿನ ಕೆಲವು ಮಾದರಿಗಳು ಎತ್ತರವನ್ನೂ ತಾವೇ ಕಾಯ್ದುಕೊಳ್ಳುತ್ತವೆ. ತೀರ ಚಿಕ್ಕವರಿಗೆ ಅದು ಅನುಕೂಲ. ಮುಂದಕ್ಕೆ ಕಲಿಯಬೇಕೆಂಬವರು ಆ ಸೌಕರ್ಯವನ್ನು ಬೇಕಾದಾಗ ಆರಿಸಲು ಬರುವಂಥದನ್ನೇ ಕೊಳ್ಳುವುದು ಲೇಸು.

ಮೂರನೆಯದು ನನ್ನ ಮೊಮ್ಮಗ ಬೇಡಿದ್ದು, ಕಲೆಕ್ಟಿವ್ ಪಿಚ್. ಇದರಲ್ಲಿ ರೆಕ್ಕೆ ಸದಾ ಒಂದೇ ರಭಸದಲ್ಲಿ ತಿರುಗುತ್ತಿರುತ್ತದೆ. ಏರಿಳಿಯಲು ರೆಕ್ಕೆಯ ಓರೆಯನ್ನೇ ಬದಲಿಸುತ್ತಾರೆ. ಓರೆಯನ್ನು ಕೆಳಮುಖವಾಗಿಸಿದರೆ ತಲೆಕೆಳಗಾಗಿಯೂ ನಿಲ್ಲುತ್ತದೆ. ಸಾಮರ್ಥ್ಯ ದೊಡ್ಡದು, ಅಪಾಯವೂ ಅಷ್ಟೇ ದೊಡ್ಡದು. ಅವನು ಕೇಳಿದ ಗಾತ್ರದ ಹೆಲಿಕಾಪ್ಟರಿನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 70 ಸೆಂಟಿಮೀಟರು. ಒಂದು ಸುತ್ತಿಗೆ ಅದರ ತುದಿ 2.2 ಮೀಟರು ದಾರಿ ಸವೆಸುತ್ತದೆ. ನಿಮಿಷಕ್ಕೆ 2500 ಸುತ್ತು ಎಂದು ಹಿಡಿದರೆ ತಾಸಿಗೆ 330 ಕಿಲೋಮೀಟರು ವೇಗವಾಯಿತು. ಅಷ್ಟು ವೇಗದ ಅಲಗು ಮಗುವಿನ ಮುಖದ ಬಳಿ ಬಂದರೆ ಏನಾದೀತೆಂಬುದನ್ನು ಬರೆಯಬೇಕಾಗಿಲ್ಲ. 2013ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಉದ್ಯಾನವೊಂದರಲ್ಲಿ, ಈ ವಿದ್ಯೆಯಲ್ಲಿ ಚೆನ್ನಾಗಿ ಪಳಗಿದ್ದ 19 ವರ್ಷದ ಯುವಕನೇ ತನ್ನ ದೊಡ್ಡ ಮಾದರಿ ಹೆಲಿಕಾಪ್ಟರಿನ ರೆಕ್ಕೆ ತಗುಲಿ ಪ್ರಾಣ ಕಳೆದುಕೊಂಡ. ಇದನ್ನು ಯಾರನ್ನೂ ಹೆದರಿಸಲೆಂದು ಹೇಳುತ್ತಿಲ್ಲ. ‘ಆಟಿಕೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಅಡಗಿವೆ ಎಂಬುದು ತಾಯಿತಂದೆಗಳಿಗೆ ತಿಳಿದಿರಬೇಕು.

ಇಷ್ಟನ್ನು ಕೇಳಿದ ಮೇಲೆ ಆಯ್ಕೆ ನನಗೆ ಕಷ್ಟವಾಗಲಿಲ್ಲ. ಮಠದಲ್ಲಿ ನಾವು ವ್ಯಾಕರಣ ಕಲಿತ ಕ್ರಮ ನೆನಪಿಗೆ ಬಂದಿತು. ಮೊದಲು ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು, ಜೊತೆಗೆ ಅಮರಕೋಶ. ಆ ಮೇಲೆ ವರದರಾಜನ ಲಘುಸಿದ್ಧಾಂತಕೌಮುದಿ. ಅದು ಕೈವಶವಾದ ಮೇಲೆ ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿ. ಮಹಾಭಾಷ್ಯದ ಹೊತ್ತಗೆ ಕಪಾಟಿನಲ್ಲಿ ಕಾಣುತ್ತಿತ್ತು. ಅದನ್ನು ಮೊದಲ ವರ್ಷವೇ ಕೊಡಿರೆಂದು ಕೇಳಿದ ಸಹಪಾಠಿಗೆ ಗುರುಗಳು ನಕ್ಕು, “ಅದು ಎಲ್ಲಿಗೂ ಓಡಿ ಹೋಗುವುದಿಲ್ಲ” ಎಂದಿದ್ದರು. ನಮ್ಮ ಷಟ್‍ಸ್ಥಲ ಸಿದ್ಧಾಂತದಲ್ಲಿಯೂ ಭಕ್ತಸ್ಥಲವೇ ಮೊದಲನೆಯದು, ಐಕ್ಯಸ್ಥಲ ಕೊನೆಯದು. ಮೊದಲನೆಯ ಮೆಟ್ಟಿಲು ತಗ್ಗಿನಲ್ಲಿರುವುದು ಏರುವವನ ಕಾಲಿಗೆ ಎಟುಕಲೆಂದು. ಅದರಿಂದ ಮೆಟ್ಟಿಲಿಗೂ ಕೊರತೆಯಿಲ್ಲ, ಏರುವವನಿಗೂ ಅವಮಾನವಿಲ್ಲ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಎರಡು ರೆಕ್ಕೆಗಳ ಪುಟ್ಟ ಹೆಲಿಕಾಪ್ಟರೇ ಯೋಗ್ಯ. ಹನ್ನೆರಡು ಹದಿಮೂರು ವಯಸ್ಸಿನ, ತಾಳ್ಮೆಯಿಂದ ಕಲಿಯುವ ಆಸೆಯಿರುವ ಮಕ್ಕಳಿಗೆ ಎರಡನೆಯ ವರ್ಗದ ಸಣ್ಣದು ಒಪ್ಪುತ್ತದೆ. ಅದು ಹಗುರವಾದುದರಿಂದ ಬಿದ್ದರೆ ಹೆಚ್ಚು ಮುರಿಯುವುದಿಲ್ಲ, ತಗುಲಿದರೂ ದೊಡ್ಡದರಂತೆ ಘಾಸಿ ಮಾಡುವುದಿಲ್ಲ. ಮೂರನೆಯ ವರ್ಗವನ್ನು ಮೊದಲ ಹೆಲಿಕಾಪ್ಟರಾಗಿ ಯಾರಿಗೂ ಕೊಡಬಾರದು. ವಯಸ್ಕರಾದರೂ ಗಣಕಯಂತ್ರದಲ್ಲಿ ಹಾರಾಟ ಕಲಿಸುವ ಸಿಮ್ಯುಲೇಟರಿನ ಮೇಲೆ ಹಲವು ತಿಂಗಳು ಕೈ ಪಳಗಿಸಿಕೊಂಡೇ ಅದರ ಬಳಿ ಹೋಗಬೇಕು.

ಕೊಳ್ಳುವ ಮುನ್ನ ಕೇಳಬೇಕಾದ ಸಂಗತಿಗಳು ಕೆಲವಿವೆ. ಮೊದಲನೆಯದು ಬಿಡಿಭಾಗ. ಹೆಲಿಕಾಪ್ಟರ್ ಬೀಳುವುದು ಖಂಡಿತ. ಆದುದರಿಂದ ಮುಖ್ಯ ರೆಕ್ಕೆ, ಬಾಲದ ರೆಕ್ಕೆ, ಹಲ್ಲುಗಾಲಿ, ನಡುಗಂಬಿ ಮತ್ತು ಬ್ಯಾಟರಿ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಬೇಕು. ಬಿಡಿಭಾಗ ಸಿಗದ ಹೆಲಿಕಾಪ್ಟರ್ ಎಷ್ಟೇ ಅಗ್ಗವಾದರೂ ಒಂದು ವಾರದ ಸೊತ್ತು. ಹೆಲಿಕಾಪ್ಟರಿಗೆಂದು ಇಟ್ಟ ಹಣದಲ್ಲಿ ಮೂರನೆಯ ಒಂದು ಭಾಗವನ್ನು ರೆಕ್ಕೆಗಳಿಗೂ ಒಂದೆರಡು ಹೆಚ್ಚುವರಿ ಬ್ಯಾಟರಿಗಳಿಗೂ ತೆಗೆದಿಡುವುದು ವಿವೇಕ. ಎರಡನೆಯದು ರಿಮೋಟಿನ ಕ್ರಮ. ಎಡಗೈ ಕಡ್ಡಿಯಿಂದ ಏರಿಳಿತ, ಬಲಗೈ ಕಡ್ಡಿಯಿಂದ ಚಲನೆ ಇದ್ದರೆ ಅದು ಮೋಡ್ 2. ಏರಿಳಿತ ಬಲಗೈಗೆ ಬಂದರೆ ಮೋಡ್ 1. ಯಾವುದಾದರೂ ಸರಿ, ಕಲಿಸಿಕೊಡುವವರು ಬಳಸುವ ಕ್ರಮವನ್ನೇ ಹಿಡಿಯಬೇಕು. ಬೆರಳಿಗೆ ಒಮ್ಮೆ ರೂಢಿಯಾದುದನ್ನು ಬದಲಿಸುವುದು ಬಹಳ ಕಷ್ಟ. ಮೂರನೆಯದು ಗುಣಮುದ್ರೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ 2021ರ ಜನವರಿಯಿಂದ ನಮ್ಮ ದೇಶದಲ್ಲಿ ಕಡ್ಡಾಯವಾಗಿದೆ. ಡಬ್ಬಿಯ ಮೇಲೆ ಅದನ್ನು ನೋಡಬೇಕು, ಜೊತೆಗೆ ಎಷ್ಟು ವಯಸ್ಸಿನವರಿಗೆ ಎಂದು ಬರೆದಿರುವುದನ್ನೂ ಓದಬೇಕು.

ಎಲ್ಲಿ ಹಾರಿಸುವುದು ಎಂಬುದನ್ನೂ ಮೊದಲೇ ನಿಶ್ಚಯಿಸಬೇಕು. 2021ರಲ್ಲಿ ಹೊರಬಂದ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ಮೀರದ ಯಂತ್ರವನ್ನು ‘ನ್ಯಾನೊ’ ವರ್ಗಕ್ಕೆ ಸೇರಿಸಿದ್ದಾರೆ. ಅದನ್ನು ಹಾರಿಸಲು ಪೈಲಟ್ ಪರವಾನಗಿ ಬೇಕಿಲ್ಲ. ಆದರೆ ವಿಮಾನ ನಿಲ್ದಾಣದ ಸುತ್ತಲಿನ ಆಕಾಶದ ನಿರ್ಬಂಧ ಹಗುರವಾದುದಕ್ಕೂ ಉಂಟು. ಹುಬ್ಬಳ್ಳಿಯ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿಯೇ ಇರುವುದರಿಂದ ಮಗಳ ಮನೆಯ ಮಾಳಿಗೆಯ ಮೇಲೆ ಹಾರಿಸುವ ಮಾತೇ ಇರಲಿಲ್ಲ. ಆಷಾಢ ಮಾಸದಲ್ಲಿ ಲಗ್ನಗಳಿಲ್ಲದೆ ನಮ್ಮ ಸಮಾಜದ ಕಲ್ಯಾಣ ಮಂಟಪ ಬರಿದಾಗಿರುತ್ತದೆ. ಅದರ ವ್ಯವಸ್ಥಾಪಕರನ್ನು ಕೇಳಿದೆ. ಫ್ಯಾನುಗಳನ್ನು ಆರಿಸಿರಬೇಕು, ಸಂಜೆ ಆರು ಗಂಟೆಗೆ ಬೀಗ ಹಾಕಿ ಕೀಲಿ ಒಪ್ಪಿಸಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ಊರೂರಿನಲ್ಲಿ ಇಂಥ ಸಭಾಭವನಗಳು ವರ್ಷದಲ್ಲಿ ಎಷ್ಟೋ ದಿನ ಸುಮ್ಮನೆ ಬಿದ್ದಿರುತ್ತವೆ. ಅವು ಮಕ್ಕಳ ಕಲಿಕೆಗೆ ಒದಗಿದರೆ ಕಟ್ಟಿಸಿದ ದಾಸೋಹಿಗಳಿಗೂ ಸಂತೋಷವಾದೀತು.

ಎರಡನೆಯ ವರ್ಗದ, ಸುಮಾರು ಐವತ್ತು ಗ್ರಾಂ ತೂಕದ ಪುಟ್ಟ ಹೆಲಿಕಾಪ್ಟರ್ ಮನೆಗೆ ಬಂದಿತು. ಹುಡುಗ ಡಬ್ಬಿ ತೆರೆದು ನೋಡಿ, “ಅಜ್ಜಾ, ಇದು ಭಾಳ ಸಣ್ಣದೈತಿ. ಗೆಳ್ಯಾರು ನಗತಾರ” ಎಂದ. ನಾನು ವಾದ ಮಾಡಲಿಲ್ಲ. ಇದನ್ನು ನೆಲದಿಂದ ಎದೆಯೆತ್ತರಕ್ಕೆ ಏರಿಸಿ, ಒಂದು ಮೊಳದ ಸುತ್ತಳತೆಯೊಳಗೆ ಅರವತ್ತು ಎಣಿಸುವವರೆಗೆ ನಿಲ್ಲಿಸಿಬಿಡು. ಮರುದಿನವೇ ದೊಡ್ಡದರ ಮಾತು ಎತ್ತೋಣ ಎಂದೆ. ಅದೇನು ಮಹಾ ಎಂದು ಅವನು ನಕ್ಕ. ಮೊದಲ ದಿನ ಅವನ ತಂಗಿ ಎಣಿಸತೊಡಗಿದರೆ ನಾಲ್ಕರ ಮೇಲೆ ಹೋಗಲೇ ಇಲ್ಲ.

ಆ ಕಲಿಕೆಯಲ್ಲಿ ನಾನು ಕಂಡದ್ದನ್ನು ಹೇಳಬೇಕು. ನೆಲಕ್ಕೆ ತೀರ ಹತ್ತಿರದಲ್ಲಿ ಹೆಲಿಕಾಪ್ಟರ್ ತನ್ನದೇ ಗಾಳಿಯ ಮೇಲೆ ಜಾರಾಡುತ್ತದೆ; ಆದುದರಿಂದ ಹೆದರಿ ತಗ್ಗಿನಲ್ಲಿ ತೆವಳಿಸುವುದಕ್ಕಿಂತ ಮೊಣಕಾಲಿನ ಮೇಲಕ್ಕೆ ಏರಿಸಿದರೆ ಅಂಕೆಗೆ ಬೇಗ ಬರುತ್ತದೆ. ಮೊದಲು ಬಾಲ ನಮ್ಮ ಕಡೆಗಿರುವಂತೆ ಹಿಡಿದು ಕಲಿಯಬೇಕು. ಆಗ ಅದರ ಎಡ ನಮ್ಮ ಎಡ, ಅದರ ಬಲ ನಮ್ಮ ಬಲ. ಅದು ರೂಢಿಯಾದ ಮೇಲೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸುವುದು. ಕೊನೆಗೆ ಮುಖ ನಮ್ಮ ಕಡೆಗಿರುವಂತೆ. ಎದುರು ನಿಂತಾಗ ಎಡಬಲಗಳು ಅದಲುಬದಲಾಗುತ್ತವೆ. ಹೊಸಬರು ಹೆಚ್ಚಾಗಿ ಬೀಳಿಸುವುದು ಅಲ್ಲಿಯೇ. ಬೀಳುವುದು ನಿಶ್ಚಯವೆಂದು ತೋರಿದ ಕೂಡಲೆ ಮೋಟಾರನ್ನು ಪೂರ್ತಿ ನಿಲ್ಲಿಸಿಬಿಡಬೇಕು. ತಿರುಗುತ್ತಿರುವ ರೆಕ್ಕೆ ನೆಲಕ್ಕೆ ಬಡಿದರೆ ಹಲ್ಲುಗಾಲಿ ಹೋಗುತ್ತದೆ, ನಿಂತ ರೆಕ್ಕೆ ಬಡಿದರೆ ಬಹುತೇಕ ಏನೂ ಆಗುವುದಿಲ್ಲ. ಉಳಿಸಿಕೊಳ್ಳಬೇಕೆಂಬ ಆಸೆಯಿಂದ ಕೊನೆಯ ಕ್ಷಣದವರೆಗೂ ವೇಗ ಕೊಡುವವರೇ ಹೆಚ್ಚು ಮುರಿದುಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ಮುಖ್ಯವಾದುದು ನೋಟ. ಹುಡುಗ ಮೊದಮೊದಲು ಒಮ್ಮೆ ಹೆಲಿಕಾಪ್ಟರನ್ನೂ ಒಮ್ಮೆ ತನ್ನ ಬೆರಳುಗಳನ್ನೂ ನೋಡುತ್ತಿದ್ದ. ಕಣ್ಣು ಕೆಳಗಿಳಿದೊಡನೆ ಅದು ಗೋಡೆಗೆ ಹೋಗುತ್ತಿತ್ತು. ಅವನಿಗೆ ಏಳನೆಯ ವಯಸ್ಸಿನಲ್ಲಿ ಲಿಂಗದೀಕ್ಷೆಯಾಗಿದೆ. ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸುವುದನ್ನು ನಾನೇ ಹೇಳಿಕೊಟ್ಟಿದ್ದೆ. ಎರಡು ನಿಮಿಷಕ್ಕೆ ಅವನ ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. ಪೂಜೆಯನ್ನೂ ಆಟವನ್ನೂ ಸಮನೆಂದು ನಾನು ಹೇಳುವುದಿಲ್ಲ. ಒಂದು ಭಕ್ತಿಯ ವಿಷಯ, ಇನ್ನೊಂದು ವಿನೋದದ ವಿಷಯ. ಆದರೆ ಮನಸ್ಸಿಗೆ ಅಭ್ಯಾಸವಾಗುವ ರೀತಿ ಎರಡರಲ್ಲಿಯೂ ಒಂದೇ. ಬೆರಳು ತನ್ನ ಕೆಲಸ ತಾನು ಮಾಡಲಿ, ಕಣ್ಣು ಕದಲದಿರಲಿ ಎಂದೆ. ಮೂರನೆಯ ವಾರಕ್ಕೆ ತಂಗಿಯ ಎಣಿಕೆ ಮೂವತ್ತು ದಾಟಿತು. ಬೆಳಗಿನ ಪೂಜೆಯಲ್ಲಿಯೂ ಅವನು ಮೊದಲಿಗಿಂತ ಹೆಚ್ಚು ಹೊತ್ತು ಕುಳಿತಿರುವನೆಂದು ಮಗಳು ಹೇಳಿದಳು.

ಅದೇ ವಾರ ಹೆಲಿಕಾಪ್ಟರ್ ಕಂಬಕ್ಕೆ ಬಡಿದು ಬಾಲದ ರೆಕ್ಕೆ ನಿಂತುಹೋಯಿತು. ಹುಡುಗ ನೋಡಿದ; ಬಾಲದ ಪುಟ್ಟ ಮೋಟಾರಿಗೆ ಹೋಗುವ ತಂತಿ ತುಂಡಾಗಿತ್ತು. ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ತಂತಿ ಅದು. ಗೆಳೆಯನೊಬ್ಬನಿಂದ ಸಾಲ್ಡರಿಂಗ್ ಕಡ್ಡಿ ತಂದು ಎರಡು ಸಂಜೆ ಹೆಣಗಿದ. ಸೀಸ ಅಂಟಲೇ ಇಲ್ಲ. ಮೂರನೆಯ ಸಂಜೆ ಬಾಲವನ್ನು ಕಾಗದದಲ್ಲಿ ಸುತ್ತಿಕೊಂಡು ತಂದೆಯ ಅಂಗಡಿಗೆ ಹೋದ. ನಾನು ಅಲ್ಲಿಯೇ ಬೆಂಚಿನ ಮೇಲೆ ಕುಳಿತಿದ್ದೆ.

“ಅಪ್ಪಾಜಿ, ಇದರ ವಾಯರ್ ಕಡದೈತಿ. ಒಂದೀಟ ನೋಡ್ರಿ” ಎಂದ.

ಅಳಿಯಂದಿರು ಕೈ ಒರೆಸಿಕೊಂಡು ಅದನ್ನು ದೀಪದ ಬೆಳಕಿಗೆ ಹಿಡಿದರು. ಭೂತಗನ್ನಡಿ ಇಟ್ಟುಕೊಂಡು ನೋಡಿದವರೇ, “ಇದು ನಮ್ಮ ವೈಂಡಿಂಗ್ ತಂತೀನ ಅದ. ಮ್ಯಾಲೆ ಎನಾಮಲ್ ಬಳದಿರತಾರ. ಅದನ್ನ ಕೆರೀದ ಸಾಲ್ಡರ್ ಹಿಡಿಯೂದಿಲ್ಲ” ಎಂದರು. ಚೂರಿಯ ಅಲಗಿನಿಂದ ತಂತಿಯ ತುದಿಯನ್ನು ಮೆಲ್ಲಗೆ ಕೆರೆದರು. ಕಂದು ಬಣ್ಣ ಹೋಗಿ ತಾಮ್ರ ಹೊಳೆಯಿತು. ಹತ್ತು ಎಚ್.ಪಿ.ಯ ಪಂಪುಗಳ ಹೊಟ್ಟೆಯಲ್ಲಿ ಸೇರುಗಟ್ಟಲೆ ತಂತಿ ಸುತ್ತುವ ಆ ಒರಟು ಬೆರಳುಗಳು ಉಸಿರು ಬಿಗಿಹಿಡಿದು ಆ ಎಳೆಯನ್ನು ಜೋಡಿಸಿದುದನ್ನು ಹುಡುಗ ನೋಡುತ್ತ ನಿಂತ. ಬ್ಯಾಟರಿ ಸಿಕ್ಕಿಸಿದೊಡನೆ ಬಾಲ ಗುಯ್ ಎಂದಿತು. ಅಲ್ಲಿಗೆ ಮಾತು ನಿಲ್ಲಲಿಲ್ಲ. ಆ ಮೋಟಾರಿನ ಸುರುಳಿಯ ನಡುವೆ ಕಬ್ಬಿಣದ ತಿರುಳೇಕಿಲ್ಲ, ತೂಕ ಇಳಿಸಲು ಏನೇನು ಮಾಡಿದ್ದಾರೆ ಎಂದು ತಂದೆಯೇ ಕುತೂಹಲದಿಂದ ವಿಚಾರಿಸತೊಡಗಿದರು. ಹುಡುಗ ತನಗೆ ತಿಳಿದುದನ್ನು ಹೇಳಿದ. ಆ ದಿನ ಅಂಗಡಿ ಮುಚ್ಚಿದುದು ತಡವಾಯಿತು. ಮರುದಿನ ಶಾಲೆ ಬಿಟ್ಟ ಮೇಲೆ ಅವನು ತನ್ನ ಇಬ್ಬರು ಗೆಳೆಯರನ್ನು ಅಂಗಡಿಗೆ ಕರೆದುಕೊಂಡು ಬಂದನಂತೆ, ತಂತಿ ಜೋಡಿಸಿದ ಜಾಗವನ್ನು ಭೂತಗನ್ನಡಿಯಲ್ಲಿ ತೋರಿಸುವುದಕ್ಕೆ.

ಬ್ಯಾಟರಿಯ ವಿಷಯದಲ್ಲಿ ಗೃಹಿಣಿಯರಿಗೆ ಒಂದು ಎಚ್ಚರಿಕೆ ಹೇಳುವುದು ಅಗತ್ಯ. ಇವುಗಳಲ್ಲಿರುವುದು ಲಿಥಿಯಮ್ ಪಾಲಿಮರ್ ಬ್ಯಾಟರಿ. ಒಂದೊಂದು ಕೋಶವೂ 3.7 ವೋಲ್ಟಿನದು, ಪೂರ್ತಿ ತುಂಬಿದಾಗ 4.2, ಬಳಸುತ್ತ 3ಕ್ಕಿಂತ ಕೆಳಗಿಳಿದರೆ ಕೆಡುತ್ತದೆ. ಆದುದರಿಂದ ಹೆಲಿಕಾಪ್ಟರ್ ಸೋತಂತೆ ಕಂಡೊಡನೆ ಇಳಿಸಿಬಿಡಬೇಕು. ಹಾರಿಸಿದ ಮೇಲೆ ಬ್ಯಾಟರಿ ತಣಿಯುವವರೆಗೆ ಕಾದು ಚಾರ್ಜಿಗೆ ಹಾಕಬೇಕು. ಹಾಸಿಗೆಯ ಮೇಲೆ, ಪರದೆಗಳ ಪಕ್ಕದಲ್ಲಿ ಇಡಬಾರದು. ಬರಿಯ ನೆಲದ ಮೇಲೋ ಕಲ್ಲಿನ ಕಟ್ಟೆಯ ಮೇಲೋ ಇಡಬೇಕು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದಂತೂ ಕೂಡದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಚುಚ್ಚಬಾರದು, ಅದು ಹೊತ್ತಿಕೊಳ್ಳುತ್ತದೆ. ಬಹಳ ದಿನ ಹಾರಿಸದೆ ಇಡುವುದಾದರೆ ಪೂರ್ತಿ ತುಂಬಿಸದೆ, ಪೂರ್ತಿ ಬರಿದು ಮಾಡದೆ, ಅರ್ಧದಷ್ಟು ಇರುವಂತೆ ನೋಡಿಕೊಳ್ಳಬೇಕು. ಹಾರಿಸುವಾಗ ಮಕ್ಕಳ ಉದ್ದ ಕೂದಲು ಕಟ್ಟಿರಲಿ, ನೋಡುವವರು ಹಾರಿಸುವವನ ಹಿಂದೆಯೇ ನಿಲ್ಲಲಿ.

ನಮ್ಮ ನಾಡಿಗೂ ಹೆಲಿಕಾಪ್ಟರಿಗೂ ಇರುವ ನಂಟು ಚಿಕ್ಕದಲ್ಲ. ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿದ ‘ಧ್ರುವ’ ಹೆಲಿಕಾಪ್ಟರ್ 1992ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಅದೇ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಅಲ್ಲಿ ದುಡಿಯಬೇಕಾದವರು ಯಾರದೋ ಮನೆಯಲ್ಲಿ ಇಂದು ಪುಟ್ಟ ಮೋಟಾರೊಂದನ್ನು ಬಿಚ್ಚಿ ನೋಡುತ್ತಿರುವ ಮಕ್ಕಳೇ. ಹಾಗೆಂದು ಪ್ರತಿಯೊಂದು ಆಟಿಕೆಯಿಂದಲೂ ಇಂಜಿನಿಯರ್ ಹುಟ್ಟಬೇಕೆಂದು ತಾಯಿತಂದೆಗಳು ಲೆಕ್ಕ ಹಾಕುವುದು ಬೇಡ. ಕೈಯಲ್ಲಿ ಮಾಡುವ ಕೆಲಸಕ್ಕೆ ಮಗು ಗೌರವ ಕೊಡುವುದನ್ನು ಕಲಿತರೆ ಆ ಹಣ ವ್ಯರ್ಥವಾಗಲಿಲ್ಲ.

ಮೊನ್ನೆ ಫೋನಿನಲ್ಲಿ ಮೊಮ್ಮಗಳು ಹೇಳಿದ ವರದಿಯಂತೆ ಎಣಿಕೆ ಅರವತ್ತೆಂಟು ಮುಟ್ಟಿದೆ, ಬಾಲ ಈ ಕಡೆಗಿದ್ದಾಗ ಮಾತ್ರ. ಮುಖ ಈ ಕಡೆಗಿದ್ದರೆ ಇನ್ನೂ ಹನ್ನೊಂದು. ಮಾತು ಕೊಟ್ಟಿರುವುದರಿಂದ ದೊಡ್ಡದರ ವಿಚಾರ ನಾನೇ ಎತ್ತಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಬ್ಯಾಡ ಬಿಡ್ರಿ ಅಜ್ಜಾ, ಇದನ್ನ ಎದುರು ಮುಖಾ ಮಾಡಿ ಕಲೀತೀನಿ. ರೊಕ್ಕ ಡಬ್ಬಿಯೊಳಗ ಇರಲಿ” ಎಂದ. ಉಳಿದ ಹಣ ಅಲ್ಲಿಯೇ ಇದೆ. ಈ ನಡುವೆ ಅವನ ತಂಗಿ ತನಗೂ ಒಂದು ಬೇಕೆಂದು ಕೇಳುತ್ತಿದ್ದಾಳೆ. ಅವಳ ಕೈಗೆ ಎರಡು ರೆಕ್ಕೆಯದೇ ಸರಿಯೆಂದು ತಂದೆಯವರು ಈಗಾಗಲೇ ತೀರ್ಮಾನಿಸಿ, ಬಿಡಿಭಾಗ ಸಿಗುತ್ತದೆಯೇ ಎಂದು ಅಂಗಡಿಗಳಲ್ಲಿ ವಿಚಾರಿಸುತ್ತಿದ್ದಾರೆ.